ಎರಡನೇ ನಂಬರಿನ ಹುಡುಗ

ಮದುವೆಯಾಗಿ ನಾನು ಅಮೆರಿಕದ ಸ್ಯಾನ್ ಡಿಯಾಗೋ ನಗರಕ್ಕೆ ಬಂದದ್ದು 1998ರ ಆಗಸ್ಟ್ ತಿಂಗಳಲ್ಲಿ. ಪುತ್ತೂರಿನ ಮಳೆಯನ್ನು ಬಿಟ್ಟು ಬಂದವಳಿಗೆ ಅಲ್ಲಿಯ ಮೋಡವಿಲ್ಲದ ಆಕಾಶವೇ ಒಂದು ಅಚ್ಚರಿ. ಯಜಮಾನರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ನನಗಿದ್ದ ಒಂದೇ ಪರಿಚಯವೆಂದರೆ ಪಕ್ಕದ ಮನೆಯ ವೃದ್ಧ ದಂಪತಿ. ಅವರ ಮನೆಯ ಮುಂದೆ ಮಿಂಚಿನ ಚಿತ್ರವಿದ್ದ ಬಾವುಟವೊಂದು ಸದಾ ಹಾರಾಡುತ್ತಿತ್ತು. ಅದು ಆ ಊರಿನ ಫುಟ್‌ಬಾಲ್ ತಂಡವಾದ ಚಾರ್ಜರ್ಸ್‌ನ ಬಾವುಟ ಎಂದು ನನಗೆ ತಿಳಿದದ್ದು ಆಮೇಲೆ.

ಅಲ್ಲಿಯ ಫುಟ್‌ಬಾಲ್ ನಾವು ಊರಿನ ಮೈದಾನಗಳಲ್ಲಿ ನೋಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಶಿರಸ್ತ್ರಾಣ, ಭುಜಕ್ಕೆ ಗುರಾಣಿಯಂಥ ಕವಚ. ಚೆಂಡನ್ನು ಎಸೆದು ಇಡೀ ತಂಡವನ್ನು ನಡೆಸುವವನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಆ ವರ್ಷ ಸ್ಯಾನ್ ಡಿಯಾಗೋದಲ್ಲಿ ಎಲ್ಲಿ ಹೋದರೂ ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಹೆಸರೇ ಕಿವಿಗೆ ಬೀಳುತ್ತಿತ್ತು. ಅವನೇ ರಯಾನ್ ಲೀಫ್. ವಯಸ್ಸು 22. ಪಕ್ಕದ ಮನೆಯ ಅಜ್ಜ ಅವನ ಹೆಸರಿದ್ದ ಅಂಗಿ ತೊಟ್ಟು, ಅದನ್ನು ನನಗೆ ತೋರಿಸಿ, "ಇನ್ನು ನೋಡು, ನಮ್ಮ ಊರಿನ ಕಾಲ ಬಂತು" ಎಂದಿದ್ದರು.

ಅಮೆರಿಕದಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಒಂದು ವಿಚಿತ್ರ ಪದ್ಧತಿಯಿದೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಪ್ರತಿ ವರ್ಷ ಏಪ್ರಿಲ್ ಕೊನೆಗೆ ಎಲ್ಲ ತಂಡಗಳೂ ಸರದಿಯಂತೆ ಒಬ್ಬೊಬ್ಬ ಹುಡುಗನನ್ನು ಕರೆಯುತ್ತವೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಅವಕಾಶ. ದುರ್ಬಲರಿಗೂ ಒಳ್ಳೆಯ ಆಟಗಾರ ಸಿಗಲಿ ಎಂಬುದು ಇದರ ಹಿಂದಿನ ಆಲೋಚನೆ. 1936ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಜೇ ಬರ್ವಾಂಗರ್ ಎಂಬ ಶಿಕಾಗೋ ವಿಶ್ವವಿದ್ಯಾಲಯದ ತರುಣ. ವಿಚಿತ್ರವೆಂದರೆ ಆತ ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆಟವನ್ನು ಬಿಟ್ಟು ರಬ್ಬರ್ ಕಂಪೆನಿಯೊಂದರ ಕೆಲಸಕ್ಕೆ ಸೇರಿದ!

ಮುಂದೆ ಕಾಲ ಬದಲಾಯಿತು. ಡ್ರಾಫ್ಟ್ ಎಂಬುದು ಟಿವಿಯಲ್ಲಿ ಕೋಟ್ಯಂತರ ಜನ ನೋಡುವ ಜಾತ್ರೆಯಾಯಿತು. ಆಯ್ಕೆಗೆ ಮುಂಚೆ ಹುಡುಗರನ್ನು ಇಂಡಿಯಾನಾಪೊಲಿಸ್ ನಗರಕ್ಕೆ ಕರೆಸಿ ಪರೀಕ್ಷಿಸುತ್ತಾರೆ. ಎತ್ತರ, ತೂಕ, ಅಂಗೈಯ ಅಗಲ ಎಲ್ಲವನ್ನೂ ಅಳೆಯುತ್ತಾರೆ. 40 ಗಜದ ಓಟ ಎಷ್ಟು ಸೆಕೆಂಡು, ನಿಂತಲ್ಲಿಂದ ಜಿಗಿತ ಎಷ್ಟು ಇಂಚು ಎಂದು ಬರೆದುಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ನಡೆಸಿ, ಮಾತನಾಡಿಸಿ ನೋಡುವ ಹಾಗೆ! ಇಷ್ಟೆಲ್ಲ ಅಳೆದು ಆರಿಸಿದ ಹುಡುಗ ಮೈದಾನದಲ್ಲಿ ಮಿಂಚದಿದ್ದರೆ ಅವನಿಗೊಂದು ಹೆಸರಿಡುತ್ತಾರೆ. "ಬಸ್ಟ್" ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಠುಸ್ಸಾದ ಪಟಾಕಿ.

1998ರ ಡ್ರಾಫ್ಟ್‌ನಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ಮಧ್ಯೆ ಪೈಪೋಟಿಯಿತ್ತು. ಒಬ್ಬ ಪೇಟನ್ ಮ್ಯಾನಿಂಗ್, ಇನ್ನೊಬ್ಬ ರಯಾನ್ ಲೀಫ್. ಯಾರು ಮೇಲು ಎಂಬ ಬಗ್ಗೆ ಪಂಡಿತರಲ್ಲೇ ಒಮ್ಮತವಿರಲಿಲ್ಲ. ಮೊದಲನೆಯವನಾಗಿ ಮ್ಯಾನಿಂಗ್ ಇಂಡಿಯಾನಾಪೊಲಿಸ್ ತಂಡಕ್ಕೆ ಹೋದ. ಎರಡನೆಯವನಾಗಿ ಲೀಫ್ ನಮ್ಮ ಊರಿಗೆ ಬಂದ. ಮೂರನೇ ಸರದಿಯಲ್ಲಿದ್ದ ಚಾರ್ಜರ್ಸ್ ತಂಡ ಒಂದೇ ಒಂದು ಮೆಟ್ಟಿಲು ಮೇಲೇರಲು ಮುಂದಿನ ವರ್ಷದ ಮೊದಲ ಆಯ್ಕೆಯನ್ನೂ ಇಬ್ಬರು ಆಟಗಾರರನ್ನೂ ಇನ್ನೂ ಏನೇನನ್ನೋ ಬಿಟ್ಟುಕೊಟ್ಟಿತ್ತು. ಹುಡುಗನಿಗೆ ನಾಲ್ಕು ವರ್ಷಕ್ಕೆ 3 ಕೋಟಿ ಡಾಲರಿಗೂ ಹೆಚ್ಚಿನ ಕರಾರು. ಹದಿನೈದು ವರ್ಷ ಆಡುತ್ತೇನೆ, ಊರಲ್ಲಿ ವಿಜಯದ ಮೆರವಣಿಗೆ ನಡೆಯಲಿದೆ ಎಂದು ಅವನೂ ಹೇಳಿಕೊಂಡಿದ್ದ.

ಮೊದಲೆರಡು ಪಂದ್ಯಗಳಲ್ಲಿ ತಂಡ ಗೆದ್ದಿತು. ಮೂರನೆಯದು ಕಾನ್ಸಾಸ್ ಸಿಟಿಯಲ್ಲಿ. ಅಂದು ಲೀಫ್ ಎಸೆದ 15 ಎಸೆತಗಳಲ್ಲಿ ಅವನ ತಂಡದವರ ಕೈ ಸೇರಿದ್ದು ಒಂದೇ ಒಂದು. ಮರುದಿನ ಆತ ಪತ್ರಕರ್ತರೊಬ್ಬರ ಮೇಲೆ ಎಗರಾಡಿದ. ಆ ದೃಶ್ಯವನ್ನು ಟಿವಿಯವರು ಮತ್ತೆ ಮತ್ತೆ ತೋರಿಸಿದರು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಅವನ ಎಸೆತಗಳಿಂದ ಬಂದ ಟಚ್‌ಡೌನ್ ಎರಡು, ಎದುರಾಳಿಯ ಕೈಗೆ ಸಿಕ್ಕ ಎಸೆತ 15. ಮುಂದಿನ ವರ್ಷ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಆಡಲೇ ಇಲ್ಲ. 2000ದಲ್ಲಿ ತಂಡ 16 ಪಂದ್ಯಗಳಲ್ಲಿ 15ನ್ನು ಸೋತಿತು. ನನ್ನ ಮಗ ಹುಟ್ಟಿದ ವರ್ಷ ಅದು. ಮಗುವನ್ನೆತ್ತಿಕೊಂಡು ಅಂಗಳದಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಅಜ್ಜ ಆ ಹೆಸರಿದ್ದ ಅಂಗಿಯನ್ನು ತಂದು ಕಸದ ಡಬ್ಬಿಗೆ ಹಾಕಿದ್ದನ್ನು ನಾನು ನೋಡಿದೆ. 2001ರ ಆರಂಭದಲ್ಲಿ ತಂಡವೂ ಅವನನ್ನು ಕೈಬಿಟ್ಟಿತು. 26ನೆಯ ವಯಸ್ಸಿಗೇ ಅವನ ಆಟ ಮುಗಿದುಹೋಯಿತು.

ಆಗ ಇದೆಲ್ಲ ನನಗೆ ಯಾರದೋ ಮನೆಯ ಸುದ್ದಿ. ಅದು ನನ್ನ ಮನೆಯ ಬಾಗಿಲು ತಟ್ಟಿದ್ದು 16 ವರ್ಷಗಳ ನಂತರ.

ನನ್ನ ಮಗ ಎತ್ತರದ ಆಳು. ಒಳ್ಳೆಯ ತೋಳ್ಬಲ. ಹೈಸ್ಕೂಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಅಭ್ಯಾಸಕ್ಕೆ ಸೇರಿದ. ಕಿರಿಯರ ತಂಡದಲ್ಲಿ ಚೆನ್ನಾಗಿ ಆಡಿದ. ಯಜಮಾನರ ಸಂತೋಷಕ್ಕೆ ಪಾರವೇ ಇರಲಿಲ್ಲ. ನಮ್ಮವರ ಕೂಟಗಳಲ್ಲಿ, ಮದುವೆ ಮನೆಗಳಲ್ಲಿ ಅವರದ್ದು ಒಂದೇ ಮಾತು. "ಮಗನಿಗೆ ಕಾಲೇಜು ಸ್ಕಾಲರ್‌ಶಿಪ್ ಖಂಡಿತ. ಮುಂದೆ ಏನಾಗುತ್ತದೋ ನೋಡೋಣ." ನಾನೇನು ಕಡಿಮೆಯೇ? ಪುತ್ತೂರಿಗೆ ಫೋನ್ ಮಾಡಿದಾಗಲೆಲ್ಲ ಅವನ ಗುಣಗಾನ ಮಾಡುತ್ತಿದ್ದೆ.

2016ರ ಸೆಪ್ಟೆಂಬರಿನಲ್ಲಿ ಹಿರಿಯರ ತಂಡದಲ್ಲಿ ಅವನ ಮೊದಲ ಪಂದ್ಯ. ನಾವು ಪರಿಚಯದವರನ್ನೆಲ್ಲ ಕರೆದುಕೊಂಡು ಹೋಗಿ ಸಾಲಾಗಿ ಕುಳಿತೆವು. ಮೊದಲರ್ಧದಲ್ಲೇ ಅವನ ಮೂರು ಎಸೆತಗಳು ಎದುರಾಳಿಯ ಪಾಲಾದವು. ನಮ್ಮ ಹಿಂದಿನಿಂದ ಯಾರೋ "ಬಸ್ಟ್!" ಎಂದು ಕೂಗಿದರು. ಕೆಲವರು ನಕ್ಕರು. ಕೋಚ್ ಅವನನ್ನು ಹೊರಗೆ ಕರೆದು ಬೆಂಚಿನಲ್ಲಿ ಕೂರಿಸಿದರು. ಉಳಿದ ಸಮಯವೆಲ್ಲ ನನ್ನ ಮಗ ಶಿರಸ್ತ್ರಾಣವನ್ನು ತೆಗೆಯದೆಯೇ ಕುಳಿತಿದ್ದ. ಮುಖ ಕಾಣದಿರಲೆಂದು ಹಾಗೆ ಕುಳಿತಿದ್ದಾನೆಂದು ತಾಯಿಯಾದ ನನಗೆ ಅರ್ಥವಾಗದಿರುತ್ತದೆಯೇ?

ಮನೆಗೆ ಬರುವಾಗ ಕಾರಿನಲ್ಲಿ ಯಜಮಾನರು ಒಂದು ಮಾತೂ ಆಡಲಿಲ್ಲ. ನಾನಾದರೂ ಸುಮ್ಮನಿರಬಹುದಿತ್ತು. "ಅಷ್ಟು ಜನರ ಮುಂದೆ ನಮ್ಮ ಮರ್ಯಾದೆ ಹೋಯಿತಲ್ಲ ಮಗಾ" ಎಂದುಬಿಟ್ಟೆ. ಅವನು ಕಿಟಕಿಯ ಹೊರಗೆ ನೋಡುತ್ತಾ ಕೇಳಿದ:

"ಉಮ್ಮಾ, ಸ್ಕಾಲರ್‌ಶಿಪ್ ಸಿಗುತ್ತದೆ ಎಂದು ನಾನು ಯಾರಿಗಾದರೂ ಹೇಳಿದ್ದೆನಾ?"

ಆ ಪ್ರಶ್ನೆಗೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ. ಅವನು ಕೋಣೆಯ ಬಾಗಿಲು ಹಾಕಿಕೊಂಡ. ಮಾಡಿಟ್ಟ ಬಿರಿಯಾನಿ ಹಾಗೆಯೇ ಉಳಿಯಿತು.

ಮರುದಿನ ಪಕ್ಕದ ಮನೆಯ ಅಜ್ಜಿಗೆ ಒಂದು ಪಾತ್ರೆ ಬಿರಿಯಾನಿ ಕೊಡಲು ಹೋದೆ. ಅಜ್ಜ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಬಾವುಟವೂ ಇರಲಿಲ್ಲ. ನನ್ನ ಮುಖ ನೋಡಿ ಅವರೇ ಕೇಳಿದರು. ನಡೆದದ್ದನ್ನೆಲ್ಲ ಹೇಳಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು ನುಡಿದರು: "ನಾವೂ ಆ ಲೀಫ್ ಎಂಬ ಹುಡುಗನಿಗೆ ಇಲ್ಲಿಂದಲೇ ಎಷ್ಟು ಬಯ್ದಿದ್ದೇವೆ! ಅವನಿಗಾಗ 22 ವರ್ಷ. ನನ್ನ ಮೊಮ್ಮಗನಿಗೆ ಈಗ ಅದೇ ವಯಸ್ಸು. ಬಟ್ಟೆ ಮಡಚಿಡಲು ಕೂಡ ಇನ್ನೂ ಬರುವುದಿಲ್ಲ."

ಅಂದು ರಾತ್ರಿ ಮಗನ ಕೋಣೆಯ ಬಾಗಿಲು ತಟ್ಟಿದೆ. ಕ್ಷಮೆ ಕೇಳಬೇಕೆಂದು ಹೋದವಳಿಗೆ ಮಾತು ಹೊರಡಲಿಲ್ಲ. "ಆ ರಯಾನ್ ಲೀಫ್ ಈಗ ಏನು ಮಾಡುತ್ತಿದ್ದಾನೆ?" ಎಂದು ಕೇಳಿದೆ. ಅವನಿಗೆ ಆಶ್ಚರ್ಯವಾಯಿತು. ಉಮ್ಮನಿಗೆ ಆ ಹೆಸರು ಹೇಗೆ ಗೊತ್ತು? ಅಂದಿನಿಂದ ಅನೇಕ ರಾತ್ರಿಗಳು ನಾವಿಬ್ಬರೂ ಕುಳಿತು ಇಂಥ ಹುಡುಗರ ಕತೆಗಳನ್ನು ಓದಿದೆವು.

ಟೋನಿ ಮ್ಯಾಂಡರಿಚ್ 1989ರಲ್ಲಿ ಎರಡನೆಯವನಾಗಿ ಗ್ರೀನ್ ಬೇ ತಂಡಕ್ಕೆ ಆಯ್ಕೆಯಾದ ದೈತ್ಯ. ಆ ವರ್ಷದ ಮೊದಲ ಐವರಲ್ಲಿ ಉಳಿದ ನಾಲ್ವರೂ ಮುಂದೆ ಆಟದ ಅತ್ಯುನ್ನತ ಗೌರವ ಪಡೆದರು. ಇವನೊಬ್ಬ ಮಾತ್ರ ಠುಸ್ಸಾದ. ಕಾಲೇಜಿನಲ್ಲಿ ಸ್ಟೀರಾಯ್ಡ್ ಸೇವಿಸುತ್ತಿದ್ದೆ, ಆಮೇಲೆ ಮದ್ಯ ಮತ್ತು ನೋವಿನ ಮಾತ್ರೆಗಳ ದಾಸನಾಗಿದ್ದೆ ಎಂದು ಮುಂದೊಂದು ದಿನ ಅವನೇ ಒಪ್ಪಿಕೊಂಡ. ಚಾರ್ಲ್ಸ್ ರೋಜರ್ಸ್ 2003ರಲ್ಲಿ ಡೆಟ್ರಾಯಿಟ್ ತಂಡ ಸೇರಿದವನು. ಮೊದಲೆರಡು ವರ್ಷಗಳಲ್ಲಿ ಎರಡು ಬಾರಿ ಕತ್ತಿನ ಕೆಳಗಿನ ಎಲುಬು ಮುರಿಯಿತು. ನೋವಿನ ಮಾತ್ರೆ ಚಟವಾಯಿತು. 2019ರಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ ತೀರಿಕೊಂಡ. ಜಮಾರ್ಕಸ್ ರಸೆಲ್ 2007ರಲ್ಲಿ ಮೊದಲ ನಂಬರಿನಲ್ಲಿ ಓಕ್‌ಲ್ಯಾಂಡ್ ತಂಡಕ್ಕೆ ಬಂದ. ಆರಂಭದಿಂದ ಆಡಿದ 25 ಪಂದ್ಯಗಳಲ್ಲಿ ಗೆದ್ದದ್ದು ಏಳು. 2010ರಲ್ಲಿ ತಂಡ ಅವನನ್ನು ಹೊರಹಾಕಿತು. ಹೊಸ ಹುಡುಗರಿಗೆ ಕೊಡುವ ಸಂಬಳಕ್ಕೆ 2011ರಲ್ಲಿ ಮಿತಿ ಹಾಕಿದಾಗ ಎಲ್ಲರ ಬಾಯಲ್ಲೂ ಬಂದ ಉದಾಹರಣೆ ಇವನದೇ.

ಇವರೆಲ್ಲರದೂ ತಪ್ಪೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸೋಮಾರಿತನ, ಅಹಂಕಾರ, ದುಶ್ಚಟ ಎಲ್ಲವೂ ಇತ್ತು. ಲೀಫ್ ಕೂಡ ಮುಂದೆ ತನ್ನ ಒರಟುತನವನ್ನು ಮುಚ್ಚಿಡಲಿಲ್ಲ. ಆದರೆ ಓದುತ್ತಾ ಹೋದಂತೆ ಇನ್ನೊಂದು ಮುಖವೂ ಕಾಣಿಸಿತು. 2002ರಲ್ಲಿ ಹೂಸ್ಟನ್‌ನ ಹೊಸ ತಂಡ ಮೊದಲ ನಂಬರಿನಲ್ಲಿ ಡೇವಿಡ್ ಕಾರ್ ಎಂಬ ಹುಡುಗನನ್ನು ಆರಿಸಿತು. ಆದರೆ ಅವನನ್ನು ಕಾಯಬೇಕಾದ ಆಟಗಾರರು ಗಟ್ಟಿಯಾಗಿರಲಿಲ್ಲ. ಮೊದಲ ವರ್ಷವೇ ಎದುರಾಳಿಗಳು ಅವನನ್ನು 76 ಬಾರಿ ಚೆಂಡಿನೊಂದಿಗೆ ನೆಲಕ್ಕೆ ಕೆಡವಿದರು. ಅದೊಂದು ದಾಖಲೆ. ಅವನನ್ನೂ ಬಸ್ಟ್ ಎಂದೇ ಕರೆದರು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಮ್ಯಾನಿಂಗ್‌ನ ಲೆಕ್ಕ. ಲೀಫ್‌ಗಿಂತ ಒಂದು ನಂಬರು ಮೇಲಿದ್ದ ಆತ 1998ರಲ್ಲಿ ಹೇಗೆ ಆಡಿದ್ದ ಗೊತ್ತೇ? ಎದುರಾಳಿಯ ಕೈಗೆ ಸಿಕ್ಕ ಅವನ ಎಸೆತಗಳು 28! ಅವನ ತಂಡ 16ರಲ್ಲಿ 13 ಪಂದ್ಯ ಸೋತಿತ್ತು. ಆ ವರ್ಷ ಲೀಫ್‌ನ ತಂಡ ಸೋತದ್ದು 11. ಆದರೆ ಮ್ಯಾನಿಂಗ್‌ನ ತಂದೆ ತಾನೇ ಹಿಂದೆ ಇದೇ ಲೀಗಿನಲ್ಲಿ ಸೋಲುವ ತಂಡಗಳಲ್ಲಿ ವರ್ಷಾನುಗಟ್ಟಲೆ ಆಡಿದ್ದ ಕ್ವಾರ್ಟರ್‌ಬ್ಯಾಕ್. ಸೋತು ಮನೆಗೆ ಬಂದವನೊಂದಿಗೆ ಏನು ಮಾತಾಡಬೇಕೆಂದು ಆ ಮನೆಗೆ ಗೊತ್ತಿತ್ತು ಎಂದು ನನಗನಿಸುತ್ತದೆ. ಮರುವರ್ಷವೇ ತಂಡ 13 ಪಂದ್ಯ ಗೆದ್ದಿತು. ಮುಂದೆ ಆತ ಐದು ಬಾರಿ ಲೀಗಿನ ಶ್ರೇಷ್ಠ ಆಟಗಾರನಾದ.

ಇದನ್ನು ಓದಿದ ರಾತ್ರಿ ನನಗೆ ನನ್ನ ಅಣ್ಣನ ನೆನಪಾಯಿತು. ಅವನು ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗ. ನಮ್ಮ ಮನೆಯ ಒಂದನೇ ನಂಬರು. ಬಾಪ ಅಡಿಕೆ ತೋಟ ಅಡವಿಟ್ಟು ಅವನನ್ನು ಇಂಜಿನಿಯರಿಂಗ್‌ಗೆ ಸೇರಿಸಿದರು. ನಿನಗದು ಇಷ್ಟವೇ ಎಂದು ಯಾರೂ ಕೇಳಲಿಲ್ಲ. ಎರಡು ವರ್ಷಕ್ಕೆ ಫೇಲಾಗಿ ಹಿಂತಿರುಗಿದ. ಅಂದಿನಿಂದ ಕುಟುಂಬದಲ್ಲಿ ಅವನ ಹೆಸರು "ತೋಟ ತಿಂದವ." ಈಗ ಅವನದ್ದೊಂದು ಸಣ್ಣ ಅಂಗಡಿಯಿದೆ. ಉಮ್ಮ ಹಾಸಿಗೆ ಹಿಡಿದಾಗ ಅವರನ್ನು ಎತ್ತಿ, ತೊಳೆದು, ಉಣಿಸಿದವನು ಅವನೇ. ಅಮೆರಿಕದಿಂದ ಹಣ ಕಳುಹಿಸುತ್ತಿದ್ದ ನನ್ನನ್ನು ಎಲ್ಲರೂ ಹೊಗಳಿದರು. ಅವನಿಗೆ ಇಟ್ಟ ಹೆಸರನ್ನು ಯಾರೂ ಹಿಂದಕ್ಕೆ ಪಡೆಯಲಿಲ್ಲ. ನಾನೂ ಪಡೆದಿರಲಿಲ್ಲ.

ಲೀಫ್‌ನ ಕತೆ ಅಲ್ಲಿಗೇ ನಿಲ್ಲಲಿಲ್ಲ. ನೋವಿನ ಮಾತ್ರೆಗಳ ಚಟಕ್ಕೆ ಬಿದ್ದು, ಅದಕ್ಕಾಗಿ ಇನ್ನೊಬ್ಬರ ಮನೆ ಹೊಕ್ಕು, 2012ರಲ್ಲಿ ತನ್ನ ಹುಟ್ಟೂರಿನ ರಾಜ್ಯವಾದ ಮೊಂಟಾನಾದಲ್ಲೇ ಜೈಲು ಸೇರಿದ. ಅಲ್ಲಿ ಜೊತೆಯ ಕೈದಿಯೊಬ್ಬನ ಒತ್ತಾಯಕ್ಕೆ, ಓದಲು ಬಾರದ ಕೈದಿಗಳಿಗೆ ಅಕ್ಷರ ಕಲಿಸಲು ನೆರವಾದ. ಜೀವನದಲ್ಲಿ ಮೊದಲ ಬಾರಿಗೆ ಇನ್ನೊಬ್ಬರಿಗಾಗಿ ಏನೋ ಮಾಡಿದ್ದು ಆಗಲೇ ಎಂದು ಆತ ಹೇಳಿಕೊಂಡಿದ್ದಾನೆ. 2014ರ ಡಿಸೆಂಬರಿನಲ್ಲಿ ಹೊರಬಂದ ಮೇಲೆ ಚಟದಿಂದ ಹೊರಬರಲು ಹೆಣಗುವವರ ಮಧ್ಯೆ ಕೆಲಸ ಮಾಡತೊಡಗಿದ. ವೇದಿಕೆಗಳಲ್ಲಿ ನಿಂತು ತನ್ನ ಪತನದ ಕತೆಯನ್ನು ತಾನೇ ಹೇಳಿದ.

ನನ್ನ ಮಗ ಆ ವರ್ಷವೆಲ್ಲ ಹೆಚ್ಚಾಗಿ ಬೆಂಚಿನಲ್ಲೇ ಕುಳಿತ. ಆದರೂ ಒಂದು ದಿನವೂ ಅಭ್ಯಾಸ ತಪ್ಪಿಸಲಿಲ್ಲ. ಯಜಮಾನರು ಪ್ರತಿ ಪಂದ್ಯಕ್ಕೂ ಹೋದರು. ವಾಪಸು ಬರುವಾಗ ಊಟಕ್ಕೆ ಎಲ್ಲಿಗೆ ಹೋಗೋಣ ಎಂದು ಮಾತ್ರ ಕೇಳುವುದನ್ನು ಕಲಿತರು. ಸ್ಕಾಲರ್‌ಶಿಪ್ ಬರಲಿಲ್ಲ. ಮಗ ಈಗ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾನೆ. ನಾನು ಅಣ್ಣನಿಗೆ ಫೋನ್ ಮಾಡಿ ಆಡಬೇಕಾಗಿದ್ದ ಮಾತನ್ನು ಬಹಳ ತಡವಾಗಿ ಆಡಿದೆ. ಅವನು ನಕ್ಕು, "ಅದನ್ನೆಲ್ಲ ಈಗ ಯಾಕೆ ತೆಗೆಯುತ್ತೀಯಾ? ಫೋನಿಗೆ ದುಡ್ಡು ಹೋಗುತ್ತದೆ" ಎಂದ. ಆದರೆ ಅಂದು ಫೋನನ್ನು ಅವನು ಬೇಗ ಇಡಲಿಲ್ಲ.

ಸಹೋದರಿಯರೇ, ನಾವೂ ನಮ್ಮ ಮನೆಗಳಲ್ಲಿ ಡ್ರಾಫ್ಟ್ ನಡೆಸುತ್ತೇವೆ. ತೊಟ್ಟಿಲಲ್ಲಿರುವ ಮಗುವಿಗೇ ಡಾಕ್ಟರ್ ಎಂದು ಹೆಸರಿಡುತ್ತೇವೆ. ಆರಿಸುವವರು ನಾವು, ಊರಿಗೆಲ್ಲ ಸಾರುವವರು ನಾವು. ಲೆಕ್ಕ ತಪ್ಪಿದರೆ ಮಾತ್ರ ಆ ಸೋಲನ್ನು ಮಗುವಿನ ಹೆಸರಿನಲ್ಲಿ ಬರೆಯುತ್ತೇವೆ. ಲೀಫ್‌ನನ್ನು ಆರಿಸಿದವರ ಹೆಸರು ಇಂದು ಎಷ್ಟು ಜನರಿಗೆ ನೆನಪಿದೆ?

ಪ್ರತಿ ಏಪ್ರಿಲ್‌ನಲ್ಲಿ ಮಗನೂ ನಾನೂ ಟಿವಿಯಲ್ಲಿ ಡ್ರಾಫ್ಟ್ ನೋಡುತ್ತೇವೆ. ಹೊಸ ಸೂಟು ತೊಟ್ಟ ಹುಡುಗ ಹೆಸರು ಕೇಳಿದೊಡನೆ ಎದ್ದು ನಿಲ್ಲುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೆ. ನಾನು ಮಾತ್ರ ಅವನನ್ನು ತಬ್ಬಿಕೊಂಡು ಅಳುವ ತಾಯಿಯನ್ನು ನೋಡುತ್ತೇನೆ. ಅವನು ಸೋತು ಮನೆಗೆ ಬರುವ ದಿನವೂ ಹೀಗೆಯೇ ತಬ್ಬಿಕೋ ತಾಯೀ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ.