ಮೂರು ಚುಕ್ಕಿಯ ಲೆಕ್ಕ

ಜಾವಾಸ್ಕ್ರಿಪ್ಟ್ ಕಲೀತಿದ್ದೀರಾ? ಇವತ್ತು ಸ್ವಲ್ಪ ದುಡ್ಡಿನ ವಿಷ್ಯ ಮಾತಾಡೋಣ.

ಎರಡು ಪ್ಯಾರಾಮೀಟರ್ ಇರೋ ಫಂಕ್ಷನ್‌ಗೆ ಮೂರು ಬೆಲೆ ಕೊಟ್ರೆ ಏನಾಗುತ್ತೆ? ಪೈಥಾನ್ ಆದ್ರೆ ಅಲ್ಲೇ ತಡೆದು ಎರರ್ ಕೊಡುತ್ತೆ. ಜಾವಾಸ್ಕ್ರಿಪ್ಟ್ ತುಟಿ ಪಿಟಕ್ ಅನ್ನೋದಿಲ್ಲ. ಮೊದಲೆರಡನ್ನು ಕೂಡಿಸಿ, ಮೂರನೇದನ್ನು ಬಿಟ್ಟು ಮುಂದೆ ಹೋಗುತ್ತೆ.

ನಮ್ಮಮ್ಮ ಮನೆಯಲ್ಲೇ ಬಟ್ಟೆ ಹೊಲೀತಾರೆ. ಬ್ಲೌಸ್ 450, ಫಾಲ್ ಪಿಕೋ 120, ಸೆರಗಿನ ಕುಚ್ಚು 600. ಒಬ್ಬರದು ಬರೀ ಫಾಲ್, ಇನ್ನೊಬ್ಬರದು ಮದುವೆಮನೆಯ ಹತ್ತು ಐಟಂ. ಅವರಿಗೆ ಬಿಲ್ ಪೇಜ್ ಮಾಡಿಕೊಡೋಕೆ ಕೂತಾಗ ನನ್ನ ತಲೆಯಲ್ಲಿದ್ದಿದ್ದು ಒಂದೇ: ಆ ಮೂರನೇ ಬೆಲೆ ಸದ್ದಿಲ್ಲದೆ ಬಿಟ್ಟುಹೋದ್ರೆ, ರಾತ್ರಿಯೆಲ್ಲ ಕೂತು ಕಟ್ಟಿದ ಕುಚ್ಚಿನ ಕೂಲಿ ಹೋದಂಗೆ. ಗಿರಾಕಿನೂ ಹೇಳಲ್ಲ, ಕಂಪ್ಯೂಟರೂ ಹೇಳಲ್ಲ.

ಅದಕ್ಕೇ ಇರೋದು ರೆಸ್ಟ್ ಪ್ಯಾರಾಮೀಟರ್. ಹೆಸರಿಗೆ ಮುಂಚೆ ಮೂರು ಚುಕ್ಕಿ, ಅಷ್ಟೇ:

ಒಟ್ಟು(...ಬೆಲೆಗಳು)

(ಹೌದು, ಫಂಕ್ಷನ್ ಹೆಸರು ಕನ್ನಡದಲ್ಲೇ ಇಡಬಹುದು. ಓಡುತ್ತೆ!)

ಒಂದು ಕೊಡಿ, ಹತ್ತು ಕೊಡಿ, ಎಲ್ಲಾ ಒಂದೇ ಅರೇ ಆಗಿ ಒಳಗೆ ಬರುತ್ತೆ. ರೆಡ್ಯೂಸ್ ಹಾಕಿ ಕೂಡಿಸಿದ್ರೆ ಆಯ್ತು. ಇದು ಬಂದಿದ್ದು 2015ರ ಇಎಸ್6ನಲ್ಲಿ. ಅದಕ್ಕೂ ಮುಂಚೆ ‘ಆರ್ಗ್ಯುಮೆಂಟ್ಸ್’ ಅನ್ನೋದನ್ನ ಬಳಸ್ತಿದ್ರು. ಹಳೇ ಕೋಡ್‌ನಲ್ಲಿ ಈಗಲೂ ಸಿಗುತ್ತೆ. ನೋಡೋಕೆ ಅರೇ ಥರ, ಆದ್ರೆ ಅರೇ ಅಲ್ಲ. ಮ್ಯಾಪ್, ರೆಡ್ಯೂಸ್ ಅದರ ಮೇಲೆ ನೇರವಾಗಿ ನಡೆಯಲ್ಲ. ಆರೋ ಫಂಕ್ಷನ್‌ಗಂತೂ ಸ್ವಂತ ಆರ್ಗ್ಯುಮೆಂಟ್ಸೇ ಇಲ್ಲ.

ಸೇವ್ ಮಾಡಿಟ್ಕೊಳ್ಳಿ:

1. ರೆಸ್ಟ್ ಒಂದೇ ಇರಬೇಕು, ಕೊನೆಯಲ್ಲೇ ಇರಬೇಕು. ಗಿರಾಕಿ ಹೆಸರು ಮೊದಲು, ಬೆಲೆಗಳು ಆಮೇಲೆ.

2. ರೆಡ್ಯೂಸ್‌ಗೆ ಆರಂಭದ ಬೆಲೆ 0 ಕೊಡಿ. ಇಲ್ಲದಿದ್ರೆ ಒಂದೂ ಐಟಂ ಇಲ್ಲದಾಗ ಟೈಪ್‌ಎರರ್.

3. ಇನ್‌ಪುಟ್ ಬಾಕ್ಸ್‌ನಿಂದ ಬರೋದು ಸ್ಟ್ರಿಂಗ್. 450ಕ್ಕೆ 120 ಕೂಡಿಸಿದ್ರೆ 570 ಬರಲ್ಲ, 0450120 ಬರುತ್ತೆ! ಮೊದಲು ನಂಬರ್‌ಗೆ ಬದಲಾಯಿಸಿ. ಮೂರು ಚುಕ್ಕಿ ಎಲ್ಲಾನೂ ಒಳಗೆ ಬಿಟ್ಕೊಳ್ಳುತ್ತೆ, ಏನನ್ನೂ ಪರೀಕ್ಷೆ ಮಾಡಲ್ಲ.

4. ಬೆಲೆಗಳು ಆಗಲೇ ಅರೇಯಲ್ಲಿದ್ರೆ, ಕಾಲ್ ಮಾಡುವಾಗಲೂ ಅದೇ ಚುಕ್ಕಿ: ಒಟ್ಟು(...ಪಟ್ಟಿ). ಇಲ್ಲಿ ಅದರ ಹೆಸರು ಸ್ಪ್ರೆಡ್. ರೆಸ್ಟ್ ಕೂಡಿಸಿಡುತ್ತೆ, ಸ್ಪ್ರೆಡ್ ಬಿಡಿಸಿ ಹಾಕುತ್ತೆ.

ಎರರ್ ಬರಲಿಲ್ಲ ಅಂದ ಮಾತ್ರಕ್ಕೆ ಲೆಕ್ಕ ಸರಿಯಿದೆ ಅಂದ್ಕೋಬೇಡಿ. ನಿಮ್ಮ ಫಂಕ್ಷನ್‌ಗೆ ಒಮ್ಮೆ ಮೂರು ಬೆಲೆ, ಒಮ್ಮೆ ಒಂದು, ಒಮ್ಮೆ ಏನೂ ಕೊಡದೆ ಓಡಿಸಿ. ಏನು ಬಂತು ಅಂತ ಕಾಮೆಂಟ್‌ನಲ್ಲಿ ಹೇಳಿ, ಒಟ್ಟಿಗೇ ನೋಡೋಣ.

#ಕನ್ನಡದಲ್ಲಿಕೋಡಿಂಗ್ #ಜಾವಾಸ್ಕ್ರಿಪ್ಟ್