ಸಮಯ ಹಿಂದೆ ಹೋಗಬಾರದು, ನಿಂತರೆ ಪರವಾಗಿಲ್ಲ

ಒಂದು ಕಂಪ್ಯೂಟರಿನ ಒಳಗೆ ಹತ್ತಾರು ಕಂಪ್ಯೂಟರುಗಳಿವೆ ಎಂದು ನಂಬಿಸುವ ಸಾಫ್ಟ್‌ವೇರಿಗೆ ಹೈಪರ್‌ವೈಸರ್ ಅಂತ ಹೆಸರು. ನನ್ನ ಕೆಲಸ ಅದರದ್ದೇ. ನೀವು ಫೋನಲ್ಲಿ ಬಳಸುವ ಬಹಳಷ್ಟು ಆ್ಯಪ್‌ಗಳು ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ ಇಂಥ ಕಂಪ್ಯೂಟರುಗಳ ಮೇಲೇ ಓಡುತ್ತವೆ. ಇವಕ್ಕೆ ನಾವು ಗೆಸ್ಟ್ ಅನ್ನುತ್ತೇವೆ, ಅಂದರೆ ನೆಂಟರು. ನೆಂಟರಿಗೆ ಇಲ್ಲದ ಡಿಸ್ಕ್, ಇಲ್ಲದ ನೆಟ್‌ವರ್ಕ್ ಕಾರ್ಡ್ ತೋರಿಸಿ ಹೇಗೋ ಸುಧಾರಿಸಬಹುದು. ಕಷ್ಟ ಇರುವುದು ಸಮಯದಲ್ಲಿ.

ಈಗ ಅಳದಂಗಡಿಯ ಮನೆಯಿಂದಲೇ ಕೆಲಸ. "ಇಡೀ ದಿನ ಎಂತ ಮಾಡ್ತಿ ಮಾರಾಯ?" ಅಂತ ಅಮ್ಮ ಒಮ್ಮೆ ಕೇಳಿದರು. ನಮ್ಮ ಚಾವಡಿಯ ಗಡಿಯಾರ ಹತ್ತು ನಿಮಿಷ ಮುಂದೆ. ಬೆಳ್ತಂಗಡಿ ಬಸ್ಸು ತಪ್ಪಬಾರದೂಂತ ಅಪ್ಪ ಇಟ್ಟದ್ದು. ಮನೆಯವರೆಲ್ಲ ಮನಸ್ಸಲ್ಲೇ ಹತ್ತು ಕಳೆಯುತ್ತೇವೆ, ನೆಂಟರು ಮಾತ್ರ ಚಾ ಬಿಟ್ಟು ಓಡುತ್ತಾರೆ. "ಆ ಹತ್ತು ಕಳೆದು ಕೊಡುವುದಕ್ಕೇ ನನಗೆ ಸಂಬಳ" ಎಂದೆ. ಅಮ್ಮ ನಂಬಲಿಲ್ಲ.

ಆದರೆ ವಿಷಯ ಹೆಚ್ಚುಕಡಿಮೆ ಅಷ್ಟೇ. 1993ರ ಪೆಂಟಿಯಂನಿಂದ ಇಂಟೆಲ್ ಪ್ರೊಸೆಸರುಗಳಲ್ಲಿ ಟೈಮ್ ಸ್ಟ್ಯಾಂಪ್ ಕೌಂಟರ್, ಅಂದರೆ ಟಿಎಸ್‌ಸಿ, ಉಂಟು. 64 ಬಿಟ್‌ನ ಒಂದು ಎಣಿಕೆ, ಅದು ಸುಮ್ಮನೆ ಏರುತ್ತಾ ಹೋಗುತ್ತದೆ. 3 ಗಿಗಾಹರ್ಟ್ಸ್ ವೇಗದಲ್ಲಿ ಅದು ತುಂಬಿ ಮತ್ತೆ ಸೊನ್ನೆಗೆ ಬರಲು ಸುಮಾರು 195 ವರ್ಷ ಬೇಕು. 1604ರಲ್ಲಿ ಪಕ್ಕದ ವೇಣೂರಿನ ಬಾಹುಬಲಿ ನಿಂತಾಗ ಶುರು ಮಾಡಿದ್ದರೆ ಇಷ್ಟರಲ್ಲಿ ಎರಡು ಸುತ್ತು ಮುಗಿಯುತ್ತಿತ್ತು!

ಹಳೆಯ ಪ್ರೊಸೆಸರುಗಳಲ್ಲಿ ಇದನ್ನು ನಂಬುವ ಹಾಗೆ ಇರಲಿಲ್ಲ. ಕರೆಂಟು ಉಳಿಸಲು ವೇಗ ಇಳಿಸಿದರೆ ಎಣಿಕೆಯೂ ನಿಧಾನ. ಎರಡು ಕೋರ್ ಇದ್ದರೆ ಎರಡರ ಲೆಕ್ಕ ಬೇರೆ ಬೇರೆ. ಈಗಿನವುಗಳಲ್ಲಿ ವೇಗ ಬದಲಾದರೂ ಎಣಿಕೆಯ ದರ ಒಂದೇ, ಅಷ್ಟು ನೆಮ್ಮದಿ.

ಗೆಸ್ಟ್ ಕೌಂಟರ್ ಓದಿದಾಗಲೆಲ್ಲ ತಡೆದು ನಾವೇ ಉತ್ತರ ಕೊಡಬಹುದು. ಆದರೆ ಕೆಲವು ಹತ್ತು ಸೈಕಲ್‌ಗಳಲ್ಲಿ ಮುಗಿಯುವ ಕೆಲಸಕ್ಕೆ ಆಗ ಸಾವಿರಕ್ಕೂ ಹೆಚ್ಚು ಬೇಕು. ಅದಕ್ಕೇ ಪ್ರೊಸೆಸರಿನಲ್ಲೇ ಆಫ್‌ಸೆಟ್ ಅಂತ ಒಂದು ಜಾಗ ಇದೆ. ಅಲ್ಲಿ ಬರೆದ ಸಂಖ್ಯೆಯನ್ನು ಅಸಲಿ ಎಣಿಕೆಗೆ ಕೂಡಿಸಿ ಗೆಸ್ಟಿಗೆ ತೋರಿಸುತ್ತದೆ. ಚಾವಡಿಯ ಹತ್ತು ನಿಮಿಷವೇ.

ಕಳೆದ ಮಳೆಗಾಲ ಈ ಆಫ್‌ಸೆಟ್ ನನ್ನ ಎರಡು ವಾರ ತಿಂದಿತು. ನಮ್ಮಲ್ಲಿ ಗಾಳಿ ಬಂದರೆ ಕರೆಂಟು ಹೋಯಿತೆಂದೇ ಲೆಕ್ಕ. ಯುಪಿಎಸ್ ಬ್ಯಾಟರಿ ಉಳಿಸಲು ಟೆಸ್ಟ್ ಮೆಷಿನನ್ನು ಸ್ಲೀಪ್‌ಗೆ ಹಾಕಿ ಮಲಗಿದೆ. ಬೆಳಿಗ್ಗೆ ಎಬ್ಬಿಸಿದರೆ ಹೋಸ್ಟ್ ಸರಿ ಇದೆ, ಗೆಸ್ಟಿಗೆ ಹುಚ್ಚು ಹಿಡಿದಿದೆ. ಟೈಮರುಗಳೆಲ್ಲ ಒಟ್ಟಿಗೇ ಹೊಡೆದುಕೊಂಡಿವೆ. ಕೆಲವು ಮೆಷಿನುಗಳಲ್ಲಿ ಸ್ಲೀಪ್ ಮುಗಿದ ಮೇಲೆ ಟಿಎಸ್‌ಸಿ ಸೊನ್ನೆಯಿಂದ ಶುರುವಾಗುತ್ತದೆ. ಗೆಸ್ಟ್ ಹೊಸ ಎಣಿಕೆಯಿಂದ ಹಳೆಯದನ್ನು ಕಳೆದಿದೆ, ಉತ್ತರ ಮೈನಸ್. ಅದು ಮಾಡುವ ಲೆಕ್ಕದಲ್ಲಿ ಮೈನಸ್ ಎಂಬುದೇ ಇಲ್ಲವಾದ್ದರಿಂದ ಅದು ದೊಡ್ಡದೊಂದು ಪ್ಲಸ್ ಆಗಿದೆ. ಒಂದು ರಾತ್ರಿಯಲ್ಲಿ ಪಾಪ ನೆಂಟರಿಗೆ ಹತ್ತಿರ ಹತ್ತಿರ 195 ವರ್ಷ ಕಳೆದಿತ್ತು.

ಅದರೊಳಗೆ ಒಂದು ಡೇಟಾಬೇಸ್ ಇದೆ ಅಂತಿಟ್ಟುಕೊಳ್ಳಿ. ದುಡ್ಡು ಕಟ್ಟಿದ್ದು ಮೊದಲು, ಆರ್ಡರ್ ಮಾಡಿದ್ದು ಆಮೇಲೆ ಅಂತ ದಾಖಲಾದರೆ ಯಾರ ದುಡ್ಡು ಯಾರಿಗೆ ಹೋಯಿತು ಅಂತ ಹುಡುಕುವುದು ಹೇಗೆ?

ಸರಿಪಡಿಸುವ ರೀತಿಯ ಬಗ್ಗೆ ಟೀಮಿನಲ್ಲಿ ಜೋರು ಚರ್ಚೆ. ಮಲಗಿದ್ದ ಎಂಟು ಗಂಟೆಯನ್ನೂ ಕೂಡಿಸಿ ನಿಜ ಹೇಳೋಣ ಎಂದರು ಕೆಲವರು. ಬೇಡ, ನಿಂತಲ್ಲಿಂದಲೇ ಮುಂದುವರಿಸೋಣ ಎಂದೆ ನಾನು. ಮಲಗುವ ಮುಂಚೆ ಗೆಸ್ಟ್ ಕಂಡ ಕೊನೆಯ ಎಣಿಕೆಯನ್ನು ನೆನಪಿಟ್ಟುಕೊಂಡು, ಎದ್ದಾಗ ಕಡಿಮೆ ಬಿದ್ದಷ್ಟನ್ನು ಆಫ್‌ಸೆಟ್‌ಗೆ ಸೇರಿಸುವುದು. ಲಿನಕ್ಸಿನ ಕೆವಿಎಂ ಹಿಡಿದಿರುವುದೂ ಇದೇ ದಾರಿ. ಎಂಟು ಗಂಟೆ ಒಮ್ಮೆಲೇ ಹಾರಿದರೆ ಗೆಸ್ಟ್ ತಾನೇ ಹ್ಯಾಂಗ್ ಆಗಿದ್ದೆ ಅಂದುಕೊಂಡು ಗಾಬರಿ ಬೀಳುತ್ತದೆ. ಈಗ ಗಂಟೆ ಎಷ್ಟು ಅಂತ ಬೇಕಿದ್ದರೆ ಅದು ನೆಟ್‌ವರ್ಕಿನಲ್ಲಿ ಕೇಳಿಕೊಳ್ಳಲಿ. ಕೊನೆಗೆ ಇದೇ ನಿಂತಿತು.

ಇನ್ನು ಬಾಕಿ ಇರುವುದು ಓಡುತ್ತಿರುವಾಗಲೇ ಗೆಸ್ಟನ್ನು ಬೇರೆ ಮೆಷಿನಿಗೆ ದಾಟಿಸುವುದು. 2 ಗಿಗಾಹರ್ಟ್ಸ್‌ನಲ್ಲಿ ಎಣಿಸಲು ಕಲಿತದ್ದನ್ನು 3ಕ್ಕೆ ಒಯ್ದರೆ ಅದರ ಪಾಲಿಗೆ ಒಂದು ನಿಮಿಷಕ್ಕೆ 90 ಸೆಕೆಂಡ್. ಇಲ್ಲಿ ಕೂಡಿಸಿದರೆ ಸಾಲದು, ಗುಣಿಸಬೇಕು. ಹೊಸ ಪ್ರೊಸೆಸರುಗಳು ಅದನ್ನೂ ತಾವೇ ಮಾಡುತ್ತವೆ. ಮನೆಯ ಟೆಸ್ಟ್ ಮೆಷಿನ್ ಹಳತು, ಅದಕ್ಕೆ ಬರುವುದಿಲ್ಲ. ಹೊಸತಕ್ಕೆ ಮ್ಯಾನೇಜರಿಗೆ ಮೇಲ್ ಹಾಕಿದ್ದೇನೆ.