ಹೊಸಮನಿ

ಫೆಬ್ರುವರಿ 4, 2024, ಭಾನುವಾರ

ಸುಗ್ಗಿ ಮುಗಿದಿದೆ, ವಂಶಾವಳಿ ಹೇಳುವ ಹೆಳವರು ಬಂದಿದ್ದಾರೆ. ಅಂಗಳದಲ್ಲಿ ಕಂಬಳಿ ಹಾಸಿದೆವು. ಹಿರಿಯ ಹೆಳವರು ಪುಸ್ತಕ ಬಿಚ್ಚಿ ಅಪ್ಪನಿಂದ ಮೇಲಕ್ಕೆ ವಂಶ ಓದುತ್ತ ಹೋದರು: ಯಾರ ಮಗ ಯಾರು, ಯಾರು ಯಾವ ವರ್ಷ ಎಷ್ಟು ಜೋಳ ಕೊಟ್ಟರು. ಅಪ್ಪನ ಮುತ್ತಜ್ಜನ ಹೆಸರು ಬಂದಾಗ ತಡೆದು ಹೇಳಿದರು: "ಇವ್ರಿಗೆ ಮೊದ್ಲ ಡಂಬಳದವ್ರು ಅಂತಿದ್ರರೀ. ಈಶ್ವರ ಸಂವತ್ಸರದಾಗ ಊರ ಬಿಟ್ಟು ಈ ಕಲಘಟಗಿ ಕಡೆ ಬಂದ್ರು. ಇಲ್ಲಿ ಮನಿ ಕಟ್ಟಿದ ಮ್ಯಾಲೆ ಹೊಸಮನಿಯವ್ರಾದ್ರು."

ಫೆಬ್ರುವರಿ 5, ಸೋಮವಾರ

ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. ಈಶ್ವರ ಅಂದರೆ 1817 ಇರಬಹುದು, 1877 ಇರಬಹುದು. ಮೊದಲನೆಯದು ಪೇಶ್ವೆಗಳ ಆಳ್ವಿಕೆ ಮುಗಿಯುತ್ತಿದ್ದ ದಂಡು-ದಾಳಿಯ ಕಾಲ. ಎರಡನೆಯದು ಧಾತು-ಈಶ್ವರ ಬರ. ಆ ಬರದಲ್ಲಿ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಸತ್ತರು. ತಲೆಮಾರುಗಳ ಎಣಿಕೆ 1877ರ ಕಡೆಗೆ ವಾಲುತ್ತದೆ. ಆದರೂ ಕಾಗದದ ಆಧಾರ ಬೇಕು. ನಮ್ಮ ಅಡ್ಡಹೆಸರು ದಂಡಿಗೆ ಹೆದರಿ ಬಂದದ್ದೋ, ಹಸಿವಿಗೋ?

ಫೆಬ್ರುವರಿ 14, ಬುಧವಾರ

ರೆಕಾರ್ಡ್ ರೂಮಿನಲ್ಲಿ ಜಮೀನಿನ ಹಳೇ ಹಕ್ಕುಪತ್ರಕ ಸಿಕ್ಕಿತು. 1903ರ ಮುಂಬಯಿ ಕಾಯ್ದೆಯ ನಂತರ ಬರೆಯತೊಡಗಿದ ಪುಸ್ತಕಗಳಿವು. 1912ರ ಒಂದು ನೋಂದಿನಲ್ಲಿ ಅಪ್ಪನ ಮುತ್ತಜ್ಜನ ಹೆಂಡತಿಯ ಹೆಸರಿದೆ! ತವರಿನಿಂದ ಬಂದ ಗದ್ದೆಗೆ ಆಕೆಯೇ ಖಾತೇದಾರಳು. ತೀರಿಕೊಂಡ ಮೇಲೆ ಗಂಡುಮಕ್ಕಳ ಹೆಸರು ಏರಿದೆ. 1912ರ ಸುಮಾರಿಗೆ ತೀರಿಹೋದವಳ ಗಂಡ 1817ರಲ್ಲಿ ಊರು ಬಿಟ್ಟಿರಲಾರ. ಅಂದರೆ 1877, ಬರಗಾಲ. ಹೆಳವರ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲದ ಈ ಹೆಣ್ಣುಮಗಳೇ ಮುತ್ತಜ್ಜನ ಕಾಲವನ್ನು ಗೊತ್ತುಮಾಡಿಕೊಟ್ಟಳು.

ಅವನು ಈ ದಿಕ್ಕಿಗೇ ಯಾಕೆ ಬಂದನೆಂಬುದೂ ಈಗ ತಿಳಿಯಿತು. ಡಂಬಳ ಮಳೆ ಕಡಿಮೆಯ ಬಯಲುಸೀಮೆ. ಕಲಘಟಗಿ ಮಲೆನಾಡಿನ ಸೆರಗು, ಭತ್ತದ ನೆಲ, ಹೆಂಡತಿಯ ತವರು. ಹೊಸ ಮನೆ ಎದ್ದದ್ದು ಆಕೆಯ ಆಸರೆಯಿಂದ.

ಫೆಬ್ರುವರಿ 18, ಭಾನುವಾರ

ಹೆಳವರು ಪಕ್ಕದೂರಲ್ಲಿ ಇಳಿದಿದ್ದರು. ಹೋಗಿ ಎಲ್ಲ ಹೇಳಿದೆ. "ಗಂಡಸ್ರ ವಂಶ ಅಷ್ಟ ಬರಕೋತ ಬಂದೇವ್ರೀ" ಅಂದರು. ಕೊಟ್ಟವರ ಹೆಸರನ್ನಂತೂ ಅವರು ಬರೆದೇ ಬರೆಯುತ್ತಾರೆ. ಅದಕ್ಕೇ ಒಂದು ಚೀಲ ಅಕ್ಕಿಯನ್ನು ಮುತ್ತಜ್ಜಿಯ ಹೆಸರಿನಲ್ಲಿ ಕೊಟ್ಟೆ. ಅವರು ಸಂತೋಷದಿಂದಲೇ ಬರೆದುಕೊಂಡರು. ಹೆಸರಿನ ಮುಂದೆ ಹೊಸಮನಿ ಎಂದೂ ಸೇರಿಸಿದರು. ಮುಂದಿನ ಸುಗ್ಗಿಗೆ ನಮ್ಮ ವಂಶ ಓದುವಾಗ ಆಕೆಯನ್ನೂ ಓದುತ್ತಾರೆ.